ಸತ್ತವರ ಪರದೆ ಯಾರ ದಿಂಬಿಗೆ?

ಆಫ್ರಿಕಾದ ಬಗ್ಗೆ ಬರೆಯಲು ಕುಳಿತ ಕನ್ನಡದ ಲೇಖನಿಯಿಂದ ‘ಕಗ್ಗತ್ತಲ ಖಂಡ’ ಎಂಬ ಎರಡು ಪದ ಉದುರದಿದ್ದರೆ ಮುಂದಿನ ಸಾಲಿಗೆ ಶಾಯಿಯೇ ಇಳಿಯುವುದಿಲ್ಲವೇನೋ. ಶಾಲೆಯಲ್ಲಿ ಓದಿದೆವು, ಪರೀಕ್ಷೆಯಲ್ಲಿ ಬರೆದೆವು, ಪತ್ರಿಕೆಗಳ ತಲೆಬರಹಗಳಲ್ಲಿ ಇಂದಿಗೂ ಕಾಣುತ್ತಿದ್ದೇವೆ. ಈ ಹೆಸರು ಅಲ್ಲಿನ ಜನ ತಮಗೆ ತಾವೇ ಇಟ್ಟುಕೊಂಡದ್ದಲ್ಲ. 1878ರಲ್ಲಿ ಪ್ರಕಟವಾದ ಸ್ಟ್ಯಾನ್ಲಿಯ ಪ್ರವಾಸ ಕಥನ ಅದನ್ನು ಜಗತ್ತಿನ ಬಾಯಿಗೆ ಹಾಕಿತು. ಅದೇ ಸ್ಟ್ಯಾನ್ಲಿ ಮುಂದೆ ಬೆಲ್ಜಿಯಮ್ಮಿನ ದೊರೆ ಲಿಯೋಪೋಲ್ಡನ ಆಳಾಗಿ ಕಾಂಗೋ ನದಿಯ ದಂಡೆಯ ಮುಖಂಡರಿಂದ ಒಪ್ಪಂದದ ಕಾಗದಗಳಿಗೆ ಗುರುತು ಹಾಕಿಸಿಕೊಂಡು ಬಂದ. ಕತ್ತಲೆ ಎಂದು ಹೆಸರಿಟ್ಟ ಮೇಲೆ ದೀಪ ಹಿಡಿದು ಒಳಗೆ ನುಗ್ಗುವುದು ಪುಣ್ಯದ ಕೆಲಸವಾಗುತ್ತದಲ್ಲ! ಆ ಹುನ್ನಾರ ಅರ್ಥವಾದ ಮೇಲೂ ನಾವು ಆ ಮಾತನ್ನು ಬಿಟ್ಟಿಲ್ಲ.

ಈಗ ಈ ಕತ್ತಲೆಗೂ ಗಿರಾಕಿಗಳು ಹುಟ್ಟಿಕೊಂಡಿದ್ದಾರೆ. ಅಂತರ್ಜಾಲದ ಅಂಗಡಿಗಳಲ್ಲಿ ಪಶ್ಚಿಮ ಆಫ್ರಿಕಾದ ಹಳೆಯ ನೀಲಿ ಬಟ್ಟೆಗಳು ತುಂಡಿನ ಲೆಕ್ಕದಲ್ಲಿ ಮಾರಾಟವಾಗುತ್ತಿವೆ. ದಿಂಬಿನ ಚೀಲ, ಸೋಫಾದ ಹೊದಿಕೆ, ಕುರ್ಚಿಯ ಬೆನ್ನು, ಗೋಡೆಯ ಅಲಂಕಾರ. ಮೇಲೆ ‘ಬುಡಕಟ್ಟು ಕಲೆ’, ‘ಎತ್ನಿಕ್’, ‘ಕೈಮಗ್ಗದ್ದು’ ಎಂಬ ಚೀಟಿ. ಆ ಕೈ ಯಾರದು, ಬಟ್ಟೆ ಯಾವ ಊರಿನದು, ಯಾರ ಸಾವಿನಲ್ಲಿ ಅದನ್ನು ಅಂಗಳದಲ್ಲಿ ಕಟ್ಟಿದ್ದರು ಎಂಬುದಕ್ಕೆ ಚೀಟಿಯಲ್ಲಿ ಜಾಗವಿಲ್ಲ. ಯುರೋಪಿನ ದೊಡ್ಡ ಮ್ಯೂಸಿಯಮ್ಮುಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಬಟ್ಟೆ ಕೊಂಡು ತಂದ ಅಧಿಕಾರಿಯ ಹೆಸರು, ದಾನ ಕೊಟ್ಟ ಶ್ರೀಮಂತನ ಹೆಸರು ಫಲಕದಲ್ಲಿರುತ್ತದೆ. ಬಣ್ಣ ಅದ್ದಿದವಳ ಹೆಸರಿನ ಜಾಗ ಬಹುಪಾಲು ಖಾಲಿ. ‘ಕಗ್ಗತ್ತಲು’ ಎಂದು ಮೂಗು ಮುರಿದವರಿಗೂ ‘ಎಷ್ಟು ಚಂದದ ಡಿಸೈನು’ ಎಂದು ಕೊಂಡುಕೊಂಡವರಿಗೂ ಬಹಳ ಅಂತರವಿದೆ ಎಂದು ಕೆಲವರು ತಿಳಿದಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಆ ಬಟ್ಟೆ ಏನೋ ಹೇಳುತ್ತಿದೆ ಎಂಬ ಅನುಮಾನ ಇಬ್ಬರಿಗೂ ಬಂದಿಲ್ಲ.

ಕ್ಯಾಮರೂನ್ ದೇಶದ ಪಶ್ಚಿಮದ ಎತ್ತರದ ಹುಲ್ಲುಗಾವಲು ಸೀಮೆಯಲ್ಲಿ ಬಾಮಿಲೆಕೆ, ಬಾಮುಮ್ ಮೊದಲಾದ ಜನರಿದ್ದಾರೆ. ಅವರ ‘ನ್ದೋಪ್’ ಎಂಬ ಬಟ್ಟೆಯನ್ನೇ ತೆಗೆದುಕೊಳ್ಳಿ. ಕೈಯಿಂದ ನೂತ ಹತ್ತಿಯ ನೂಲನ್ನು ಸಣ್ಣ ಮಗ್ಗದಲ್ಲಿ ಕಿರಿದಾದ ಪಟ್ಟಿಗಳಾಗಿ ನೇಯುತ್ತಾರೆ. ಪಟ್ಟಿಗೆ ಪಟ್ಟಿ ಸೇರಿಸಿ ಹೊಲಿದು ದೊಡ್ಡ ಪರದೆ ಮಾಡುತ್ತಾರೆ. ಆಮೇಲೆ ರಾಫಿಯಾ ಎಂಬ ತಾಳೆ ಜಾತಿಯ ಮರದ ನಾರಿನಿಂದ ಅದರ ಮೇಲೆ ಚಿತ್ತಾರವನ್ನು ಹೊಲಿಯುತ್ತಾರೆ. ಇದು ಅಂದಕ್ಕೆ ಹಾಕುವ ಕಸೂತಿಯಲ್ಲ. ಬಣ್ಣ ಒಳಹೊಗದಂತೆ ಬಟ್ಟೆಯನ್ನು ಬಿಗಿಹಿಡಿಯುವ ಹೊಲಿಗೆ. ನೀಲಿಯ ಗುಂಡಿಯಲ್ಲಿ ಮತ್ತೆ ಮತ್ತೆ ಅದ್ದಿ, ಒಣಗಿಸಿ, ಕೊನೆಗೆ ಆ ನಾರನ್ನೆಲ್ಲ ಕುಯ್ದು ತೆಗೆಯುತ್ತಾರೆ. ಕಡುನೀಲಿಯ ನಡುವೆ ನಾರು ಹಿಡಿದಿದ್ದ ಜಾಗವಷ್ಟೇ ಬಿಳಿಯ ಗೆರೆಗಳಾಗಿ ಉಳಿಯುತ್ತದೆ. ಹೊಲಿದವನ ಶ್ರಮವೆಲ್ಲ ಕುಯ್ದು ಬಿಸಾಡಿದ ನಾರಿನಲ್ಲಿ ಹೋಯಿತು. ಉಳಿದದ್ದು ಅದರ ನೆನಪು.

ಈ ಪರದೆಯನ್ನು ದಿನವೂ ಯಾರೂ ಉಡುವುದಿಲ್ಲ. ಅರಸನಿಗೆ ಪಟ್ಟ ಕಟ್ಟುವಾಗ, ಅರಮನೆಯ ಹಬ್ಬದಲ್ಲಿ, ಗುಪ್ತ ಸಂಘಗಳ ಮುಖವಾಡದ ಕುಣಿತದಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಸತ್ತವರಿಗಾಗಿ ನಡೆಸುವ ದೊಡ್ಡ ಆಚರಣೆಯಲ್ಲಿ ಅದು ಹೊರಗೆ ಬರುತ್ತದೆ. ಮಣ್ಣು ಮಾಡಿದ ಎಷ್ಟೋ ಕಾಲದ ನಂತರ, ಮನೆಯವರಿಗೆ ಖರ್ಚು ಮಾಡುವ ಶಕ್ತಿ ಬಂದ ಮೇಲೆ, ಊರನ್ನೆಲ್ಲ ಕರೆದು ಆ ಆಚರಣೆ ಮಾಡುತ್ತಾರೆ. ಅಂಗಳದಲ್ಲಿ ನ್ದೋಪ್ ಕಟ್ಟಿದರೆಂದರೆ ಆ ನೆಲ ಅಷ್ಟು ಹೊತ್ತಿಗೆ ಬೇರೆಯ ನೆಲ. ಅಲ್ಲಿ ಹಿರಿಯರು ಬಂದು ನಿಂತಿದ್ದಾರೆ ಎಂದು ಅರ್ಥ.

ಇದನ್ನು ‘ಬುಡಕಟ್ಟಿನ ಬಟ್ಟೆ’ ಎನ್ನುವವರು ಅದು ನಡೆದ ದಾರಿಯನ್ನು ಒಮ್ಮೆ ನಕ್ಷೆಯಲ್ಲಿ ನೋಡಬೇಕು. ನೇಯ್ಗೆ ಉತ್ತರದ ಗರುವಾ ಕಡೆಯದು. ಹೊಲಿಗೆ ದಕ್ಷಿಣದ ಎತ್ತರದ ಸೀಮೆಯದು. ಬಣ್ಣಕ್ಕೆ ಮತ್ತೆ ಉತ್ತರದ ಗುಂಡಿಗಳಿಗೆ, ಇಲ್ಲವೇ ಇಂದು ನೈಜೀರಿಯಾದಲ್ಲಿರುವ ಬೆನುವೆ ನದಿ ಬಯಲಿನ ವುಕಾರಿ ಪಟ್ಟಣಕ್ಕೆ ಹೋಗಬೇಕಿತ್ತು. ಅಲ್ಲಿಂದ ಮರಳಿ ಅರಮನೆಗೆ. ಹೊತ್ತು ತಂದವರಲ್ಲಿ ಹಾವ್ಸಾ ಮುಸ್ಲಿಮ್ ವ್ಯಾಪಾರಿಗಳಿದ್ದರು. ಕಟ್ಟಿದವರು ತಮ್ಮ ಹಿರಿಯರ ತಲೆಬುರುಡೆಗಳನ್ನು ಪೂಜಿಸುತ್ತಿದ್ದವರು. ಎರಡು ಮೂರು ಭಾಷೆ, ಎರಡು ಮೂರು ನಂಬಿಕೆ, ನೂರಾರು ಮೈಲಿಯ ಕಾಲುದಾರಿ ಸೇರಿ ಒಂದು ಪರದೆ. ಇದು ಬುಡಕಟ್ಟಾದರೆ ಮ್ಯಾಂಚೆಸ್ಟರಿನ ಗಿರಣಿಯೂ ಬುಡಕಟ್ಟೇ.

ನಮ್ಮೂರ ದರ್ಗಾದ ಮಜಾರಿನ ಮೇಲೆ ಹೊದಿಸಿದ ಚಾದರವನ್ನು ಯಾರೋ ಎತ್ತಿಕೊಂಡು ಹೋಗಿ, ನಾಲ್ಕು ತುಂಡು ಮಾಡಿ, ನಾಲ್ಕು ದಿಂಬಿಗೆ ಹೊಲಿಸಿ, ‘ದಕ್ಷಿಣ ಭಾರತದ ಬುಡಕಟ್ಟು ಹಸಿರು’ ಎಂದು ಚೀಟಿ ಅಂಟಿಸಿ ಮಾರಿದರೆ ನಮಗೆ ಹೇಗಾಗುತ್ತದೆ? ಜಾತ್ರೆಯಲ್ಲಿ ಪಲ್ಲಕ್ಕಿಗೆ ಹೊದಿಸಿದ ರೇಷ್ಮೆಗೆ, ಇಗರ್ಜಿಯ ಬಲಿಪೀಠದ ಬಿಳಿ ಬಟ್ಟೆಗೆ ಹೀಗಾದರೆ ಪೊಲೀಸ್ ಠಾಣೆಯ ಮುಂದೆ ಎಷ್ಟು ಜನ ಸೇರುತ್ತಾರೆ? ಪೀಠದಿಂದ ಬೀಳುವ ಒಂದು ಬಾವುಟದ ತುಂಡಿಗೆ ಊರುಗಳು ಉರಿಯುವ ನಾಡಿದು. ಇಷ್ಟು ಸೂಕ್ಷ್ಮವಾದ ನಮ್ಮ ಭಾವನೆಗಳು ಸಮುದ್ರದಾಚೆಯ ಕಪ್ಪು ಮನುಷ್ಯರ ಶವಸಂಸ್ಕಾರದ ಪರದೆಯ ಮೇಲೆ ಕಾಲು ಚಾಚಿ ಕೂರುವಾಗ ಎಲ್ಲಿ ಮಲಗಿರುತ್ತವೆ?

ಇನ್ನೊಂದು ಬಟ್ಟೆಯ ಹೆಸರು ‘ಉಕಾರ’. ಕನ್ನಡದ ಕಿವಿಗೆ ಇದು ಅಕ್ಷರಮಾಲೆಯಿಂದ ಬಂದಂತೆ ಕೇಳುತ್ತದೆ. ಕಾಕತಾಳೀಯವೇ ಇರಲಿ, ಆ ಬಟ್ಟೆ ನಿಜಕ್ಕೂ ಬರಹವೇ. ನೈಜೀರಿಯಾದ ಆಗ್ನೇಯ ಮೂಲೆ ಹಾಗೂ ಪಕ್ಕದ ಕ್ಯಾಮರೂನಿನ ಕ್ರಾಸ್ ರಿವರ್ ಸೀಮೆಯಲ್ಲಿ ಎಜಾಗಮ್, ಎಫಿಕ್, ಇಗ್ಬೊ ಜನರಲ್ಲಿ ‘ಎಕ್ಪೆ’ ಎಂಬ ಸಂಘವಿದೆ. ಎಕ್ಪೆ ಎಂದರೆ ಚಿರತೆ. ಅದರ ದೀಕ್ಷೆ ಪಡೆದವರು ಮಾತ್ರ ಉಕಾರ ಉಡಬಹುದು. ಇಗ್ಬೊ ಸೀಮೆಯ ಎಜಿಲ್ಲೋ ಎಂಬ ಊರು ಇದರ ತಯಾರಿಕೆಗೆ ಹೆಸರಾದದ್ದು. ಇಲ್ಲಿಯೂ ನಾರಿನ ಹೊಲಿಗೆ, ನೀಲಿಯ ಅದ್ದಿಕೆ. ಚೌಕಚೌಕವಾಗಿ ವಿಂಗಡಿಸಿದ ಬಟ್ಟೆಯಲ್ಲಿ ಚಿರತೆ, ಮೊಸಳೆ, ಹೆಬ್ಬಾವು, ಅರ್ಧಚಂದ್ರ. ಅವುಗಳ ನಡುವೆ ‘ನ್ಸಿಬಿಡಿ’ ಎಂಬ ಸಂಕೇತ ಲಿಪಿಯ ಗುರುತುಗಳು. ಈ ಗುರುತುಗಳಲ್ಲಿ ಕೆಲವು ಎಲ್ಲರಿಗೂ ತಿಳಿದವು. ಪ್ರೀತಿ, ಜಗಳ, ಭೇಟಿಯಂಥ ಬದುಕಿನ ಮಾತು. ಉಳಿದವು ಸಂಘದವರಿಗೆ ಮಾತ್ರ, ಅದರಲ್ಲೂ ಮೇಲಿನ ದರ್ಜೆ ಏರಿದವರಿಗೆ ಮಾತ್ರ. ಸದಸ್ಯ ಸತ್ತಾಗ ದೊಡ್ಡ ಉಕಾರವನ್ನು ಪರದೆಯಾಗಿ ಕಟ್ಟುತ್ತಾರೆ.

ವಿದ್ಯಾವಂತರ ಒಂದು ಚಟವಿದೆ. ಎಲ್ಲವೂ ಬಿಡಿಸಿ ಹೇಳಲ್ಪಡಬೇಕು, ಎಲ್ಲದಕ್ಕೂ ಅರ್ಥಕೋಶ ಇರಬೇಕು, ಇಲ್ಲದಿದ್ದರೆ ಅದು ಮೂಢನಂಬಿಕೆ. ಬ್ಯಾಂಕಿನ ಪಾಸ್‌ವರ್ಡು ಗುಟ್ಟಾಗಿರಬಹುದು, ಸರಕಾರದ ಕಡತ ಗುಟ್ಟಾಗಿರಬಹುದು. ಆಫ್ರಿಕಾದ ಹಳ್ಳಿಯವನ ಬಟ್ಟೆಯ ಮೇಲಿನ ಗುರುತು ಮಾತ್ರ ನಮ್ಮ ಮುಂದೆ ಬೆತ್ತಲಾಗಬೇಕು! ನಮಗೆ ಅರ್ಥವಾಗದಿರುವ ಹಕ್ಕು ಅವರಿಗಿದೆ. ಹಾಗೆಂದು ಎಕ್ಪೆಯನ್ನು ನಾವು ಸಂತರ ಸಂಘ ಮಾಡಲಾರೆವು. ಕಾನೂನು, ಸಾಲ ವಸೂಲಿ, ದಂಡನೆ ಎಲ್ಲವೂ ಅದರ ಕೈಯಲ್ಲಿತ್ತು. ಕಲಬಾರ್ ಬಂದರಿನ ಗುಲಾಮ ವ್ಯಾಪಾರದ ಸಾಲ ಸೋಲಗಳನ್ನು ವಸೂಲು ಮಾಡಿದ್ದೂ ಅದೇ ಸಂಘದ ಅಧಿಕಾರ. ಹಾಗೆ ಮಾರಾಟವಾದವರು ಹಡಗಿನ ತಳದಲ್ಲಿ ಕೂತು ಕ್ಯೂಬಾ ಸೇರಿದರು. ಅವರೊಂದಿಗೆ ಆ ಗುರುತುಗಳೂ ಸೇರಿದವು. 1836ರಲ್ಲಿ ಹವಾನಾದ ಎದುರಿನ ರೆಗ್ಲಾದಲ್ಲಿ ಹುಟ್ಟಿದ ‘ಅಬಾಕುವಾ’ ಸಂಘ ಎಕ್ಪೆಯ ಮಗುವೇ. ಮೈಮೇಲೆ ಬಟ್ಟೆಯಿಲ್ಲದೆ ಒಯ್ಯಲ್ಪಟ್ಟವರು ಬಟ್ಟೆಯ ಬರಹವನ್ನು ತಲೆಯಲ್ಲಿಟ್ಟುಕೊಂಡು ಹೋಗಿದ್ದರು.

ಈ ಎರಡೂ ಬಟ್ಟೆಗಳಲ್ಲಿ ಗಂಡಸರ ಅಧಿಕಾರದ ವಾಸನೆ ದಟ್ಟವಾಗಿದೆ. ಆದ್ದರಿಂದ ಮೂರನೆಯದರ ಬಳಿ ನಾವು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ನೈಜೀರಿಯಾದ ನೈರುತ್ಯದ ಯೊರುಬಾ ಹೆಂಗಸರ ‘ಅದಿರೆ’. ಕಟ್ಟು, ಅದ್ದು ಎಂಬ ಎರಡು ಕ್ರಿಯಾಪದ ಸೇರಿ ಆದ ಹೆಸರು. ಅಬೆಯೊಕುಟಾ, ಇಬಾದಾನ್, ಒಶೊಗ್ಬೊ ಅದರ ತವರು. ‘ಎಲು’ ಎಂಬ ಬಳ್ಳಿಯ ಎಳೆಯ ಎಲೆಗಳನ್ನು ಕುಟ್ಟಿ ಉಂಡೆ ಕಟ್ಟಿ ಒಣಗಿಸುತ್ತಾರೆ. ಸೌದೆಯ ಬೂದಿಯನ್ನು ತೂತಿನ ಮಡಕೆಯಲ್ಲಿಟ್ಟು ನೀರು ಸುರಿದು ಖಾರದ ನೀರು ಇಳಿಸುತ್ತಾರೆ. ಆ ನೀರಿನಲ್ಲಿ ಉಂಡೆ ಹಾಕಿ ದಿನಗಟ್ಟಲೆ ಹುಳಿಯಲು ಬಿಡುತ್ತಾರೆ. ಬಟ್ಟೆ ಮಡಕೆಯಿಂದ ಮೇಲೆ ಬಂದಾಗ ಹಸಿರು ಹಳದಿ. ಗಾಳಿ ತಾಗಿದಂತೆ ಕಣ್ಣೆದುರೇ ನೀಲಿಯಾಗುತ್ತದೆ. ನಾರಿನಿಂದ ಕಟ್ಟಿದರೆ ಒಂದು ಬಗೆ, ಸೂಜಿಯಿಂದ ಹೊಲಿದರೆ ಇನ್ನೊಂದು, ಮರಗೆಣಸಿನ ಗಂಜಿಯನ್ನು ಕೋಳಿ ಗರಿಯಿಂದ ಬಳಿದು ಚಿತ್ರ ಬರೆದರೆ ಮತ್ತೊಂದು. ಚಿತ್ರ ಬರೆಯುವವಳು ಒಬ್ಬಳು, ಬಣ್ಣ ಅದ್ದುವವಳು ಇನ್ನೊಬ್ಬಳು. ಅದ್ದುವವಳ ಕೈ ಮೊಣಕೈವರೆಗೆ ನೀಲಿ. ಅಬೆಯೊಕುಟಾದ ಈ ಹೆಂಗಸರ ಚರಿತ್ರೆಯನ್ನು ಬರೆದ ಜುಡಿತ್ ಬೈಫೀಲ್ಡ್ 2002ರಲ್ಲಿ ತಮ್ಮ ಪುಸ್ತಕಕ್ಕೆ ಆ ಕೈಗಳ ಹೆಸರನ್ನೇ ಇಟ್ಟರು. ನಮ್ಮ ಧಾರವಾಡ, ಬಿಜಾಪುರ ಕಡೆಯ ನೀಲಗಾರರ ಕೈಗಳ ಚರಿತ್ರೆಯನ್ನು ಬರೆಯಲು ನಮ್ಮ ವಿಶ್ವವಿದ್ಯಾಲಯಗಳಿಗೆ ಇನ್ನೂ ಪುರುಸೊತ್ತು ಸಿಕ್ಕಂತಿಲ್ಲ, ಅದಿರಲಿ.

ಅದಿರೆಯ ಚಿತ್ರಗಳು ಲೋಕದ ಸುದ್ದಿಗೆ ಕಿವಿ ಮುಚ್ಚಿಕೊಂಡವಲ್ಲ. ಇಬಾದಾನಿನ ಬೆಟ್ಟದ ಮೇಲೆ ಬ್ರಿಟಿಷರ ಕಾಲದಲ್ಲಿ ಎದ್ದು 1929ರಲ್ಲಿ ಉದ್ಘಾಟನೆಯಾದ ಮಾಪೊ ಹಾಲಿನ ಕಂಬಗಳು ‘ಇಬಾದಾನ್ ದುನ್’ ಎಂಬ ಪ್ರಸಿದ್ಧ ನಮೂನೆಯಲ್ಲಿವೆ. ‘ಇಬಾದಾನ್ ಸೊಗಸು’ ಎಂದು ಅದರರ್ಥ. ‘ಒಲೊಕುನ್’ ಸಮುದ್ರ ದೇವತೆಯ ಹೆಸರಿನ ನಮೂನೆ. 1935ರಲ್ಲಿ ಐದನೇ ಜಾರ್ಜ್ ದೊರೆಯ ಬೆಳ್ಳಿಹಬ್ಬ ಬಂದಾಗ ಈ ಹೆಂಗಸರು ದೊರೆ ದೊರೆಸಾನಿಯನ್ನೂ ಹಿಡಿದು ಗಂಜಿಯಲ್ಲಿ ಬರೆದು ನೀಲಿಯಲ್ಲಿ ಅದ್ದಿಬಿಟ್ಟರು. ಅದೇ ನಮೂನೆಯಲ್ಲಿ ಪ್ರವಾದಿಯವರನ್ನು ಮೇರಾಜಿಗೆ ಕೊಂಡೊಯ್ದ ಬುರಾಖ್ ಕೂಡ ರೆಕ್ಕೆ ಬಿಚ್ಚಿ ನಿಂತಿದೆ. ದೊರೆ, ಬುರಾಖ್, ಸಮುದ್ರ ದೇವತೆ, ಬಾತುಕೋಳಿ, ಚಮಚ. ಯಾರ ಅಪ್ಪಣೆಯನ್ನೂ ಕೇಳದೆ ಅವರು ಕಂಡದ್ದನ್ನು ಬರೆದುಕೊಂಡರು.

ಇಲ್ಲಿಯೇ ನಮ್ಮ ಎರಡನೇ ಜಗಳವಿದೆ, ‘ಶುದ್ಧ ಪರಂಪರೆ’ಯ ಭಕ್ತರೊಂದಿಗೆ. ಎಲುವಿನ ಉಂಡೆಯೇ ಬೇಕು, ಬೂದಿ ನೀರೇ ಬೇಕು, ರಾಸಾಯನಿಕ ನೀಲಿ ಸೇರಿದರೆ ಅದು ಅದಿರೆಯಲ್ಲ ಎಂದು ಇವರು ಫತ್ವಾ ಹೊರಡಿಸುತ್ತಾರೆ. ಆದರೆ ಅದಿರೆಯ ಬಟ್ಟೆಯೇ ಬಹುಪಾಲು ಹಡಗಿನಲ್ಲಿ ಬಂದ ಮ್ಯಾಂಚೆಸ್ಟರಿನ ಗಿರಣಿ ಬಟ್ಟೆ. ನಯವಾದ ಆ ಬಟ್ಟೆ ಸಿಕ್ಕಿದ್ದರಿಂದಲೇ ಗಂಜಿಯ ಸೂಕ್ಷ್ಮ ಚಿತ್ರ ಸಾಧ್ಯವಾಯಿತು. ಆ ಕಲೆ ಇಪ್ಪತ್ತನೇ ಶತಮಾನದ ಆರಂಭದ್ದು. ಈ ಶುದ್ಧಿಯ ಹಟ ಕೂಡ ಹೊಸದಲ್ಲ. 1930ರ ದಶಕದಲ್ಲಿ ವ್ಯಾಪಾರ ಕುಸಿದಾಗ ಅಬೆಯೊಕುಟಾದ ಅರಸ ‘ಅಲಾಕೆ’ ರಾಸಾಯನಿಕ ನೀಲಿಯನ್ನೂ ಕಾಸ್ಟಿಕ್ ಸೋಡಾವನ್ನೂ ನಿಷೇಧಿಸಿದ. ಅದ್ದುವ ಹೆಂಗಸರು ಸುಮ್ಮನೆ ಕೂರಲಿಲ್ಲ. ಸೌದೆ ಸುಟ್ಟು ಬೂದಿ ಮಾಡುವ ಖರ್ಚು ಯಾರು ಕೊಡುತ್ತಾರೆ, ದುಡಿಯುವ ಸಮಯ ಯಾರದು ಎಂದು ಕೇಳಿದರು. ಸಂಘ ಕಟ್ಟಿ, ವಕೀಲನನ್ನು ಹಿಡಿದು ಹೋರಾಡಿದರು. ಮುಂದೆ 1940ರ ದಶಕದ ಕೊನೆಯಲ್ಲಿ ಅದೇ ಊರಿನ ಮಾರುಕಟ್ಟೆಯ ಹೆಂಗಸರು ಫುನ್ಮಿಲಾಯೊ ರಾನ್ಸಮ್-ಕುಟಿಯವರ ನಾಯಕತ್ವದಲ್ಲಿ ಹೆಂಗಸರ ಮೇಲಿನ ತೆರಿಗೆಯ ವಿರುದ್ಧ ಬೀದಿಗಿಳಿದರು. 1949ರ ಜನವರಿಯಲ್ಲಿ ಅಲಾಕೆ ಸಿಂಹಾಸನ ಬಿಡಬೇಕಾಯಿತು. (ಹಾಡುಗಾರ ಫೆಲಾ ಕುಟಿ ಈ ತಾಯಿಯ ಮಗ.) ನಿಮ್ಮ ಸೋಫಾದ ಮೇಲಿನ ‘ಮೂಕ ಕರಕುಶಲ’ದ ಹಿಂದೆ ಇಂಥ ಬಾಯಿಗಳಿದ್ದವು.

ಮೂರನೇ ಜಗಳ ನಮ್ಮವರೊಂದಿಗೇ. ಚಿರತೆ, ಸಮುದ್ರ ದೇವತೆ, ಹಿರಿಯರ ಪೂಜೆ. ಈ ಶಿರ್ಕಿನ ಬಟ್ಟೆಗಳಿಗೆ ಮುಸ್ಲಿಮರ ಪತ್ರಿಕೆಯಲ್ಲಿ ಜಾಗವೇಕೆ ಎಂದು ಕೇಳುವ ಮಹನೀಯರು ಇದ್ದಾರೆ. ಅವರು ಮೊದಲು ಉತ್ತರ ನೈಜೀರಿಯಾದ ಕಾನೊ ಪಟ್ಟಣಕ್ಕೆ ಹೋಗಿ ಬರಬೇಕು. ಅಲ್ಲಿನ ಕೋಫರ್ ಮಾತಾದ ನೀಲಿ ಗುಂಡಿಗಳು 1498ರಲ್ಲಿ ಆರಂಭವಾದವೆಂದು ಆ ಊರಿನವರು ಹೇಳುತ್ತಾರೆ. ಅಲ್ಲಿ ಅದ್ದುವವರು ಗಂಡಸರು, ಮುಸ್ಲಿಮರು. 1851ರಲ್ಲಿ ಕಾನೊಗೆ ಬಂದ ಜರ್ಮನ್ ಪ್ರವಾಸಿ ಹೈನ್‌ರಿಷ್ ಬಾರ್ತ್, ಅಲ್ಲಿನ ಬಣ್ಣದ ಬಟ್ಟೆ ಮರುಭೂಮಿ ದಾಟಿ ಟ್ರಿಪೊಲಿವರೆಗೆ, ಪಶ್ಚಿಮಕ್ಕೆ ಟಿಂಬಕ್ಟುವರೆಗೆ ಹೋಗುವುದನ್ನು ಬೆರಗಿನಿಂದ ಬರೆದಿಟ್ಟ. ಸಹಾರಾದ ತುವಾರೆಗ್ ಗಂಡಸರು ಮುಖ ಮುಚ್ಚಿ ಸುತ್ತುವ ಮುಂಡಾಸಿಗೆ ಕಾನೊ ಸೀಮೆಯ ಬಟ್ಟೆಯೇ ಬೇಕು. ನೀಲಿಯ ಪುಡಿ ಹಾಕಿ ಕೊಡತಿಯಿಂದ ಬಡಿದು ಬಡಿದು ಕಂಚಿನಂತೆ ಹೊಳೆಯಿಸಿದ ಬಟ್ಟೆ ಅದು. ಮದುವೆಗೂ ಹಬ್ಬಕ್ಕೂ ಅದನ್ನು ಸುತ್ತಿದರೆ ನೀಲಿ ಕೆನ್ನೆಗಿಳಿಯುತ್ತದೆ, ಇಳಿದಷ್ಟೂ ಗೌರವ.

ಇನ್ನು ಬಾಮುಮ್ ರಾಜ್ಯದ ಸುಲ್ತಾನ್ ಎನ್ಜೋಯಾ. ತನ್ನ ಜನರ ಭಾಷೆಗೆ ತಾನೇ ಲಿಪಿ ಹುಟ್ಟಿಸಿದವನು. 1896ರ ಸುಮಾರಿಗೆ ಚಿತ್ರಗಳಾಗಿ ಆರಂಭವಾದ ಆ ಲಿಪಿ 1910ರ ಹೊತ್ತಿಗೆ ಎಂಬತ್ತು ಅಕ್ಷರಗಳಿಗೆ ಇಳಿದಿತ್ತು. ಇಸ್ಲಾಮನ್ನು ಸ್ವೀಕರಿಸಿದ. ಹಾವ್ಸಾ ನೇಕಾರರನ್ನೂ ನೀಲಿಗಾರರನ್ನೂ ರಾಜಧಾನಿ ಫುಂಬಾನಿಗೆ ಕರೆಸಿ ನ್ದೋಪ್ ಮಾಡಿಸಿದ. ಫ್ರೆಂಚರು ಅವನ ಶಾಲೆಗಳನ್ನು ಮುಚ್ಚಿದರು, 1931ರಲ್ಲಿ ಯವುಂಡೆಗೆ ಗಡೀಪಾರು ಮಾಡಿದರು. 1933ರಲ್ಲಿ ಅಲ್ಲಿಯೇ ತೀರಿಕೊಂಡ. ಕಲಿಮಾ ಓದಿದ ದೊರೆಗೆ ಹಿರಿಯರ ಪರದೆ ಅಡ್ಡಿಯಾಗಲಿಲ್ಲ. ಒಲೊಕುನ್ ನಮೂನೆಯ ಅದಿರೆ ಉಟ್ಟು ನಮಾಜಿಗೆ ನಿಂತ ಯೊರುಬಾ ಮುಸ್ಲಿಮ್ ಅಜ್ಜಿಯರ ಈಮಾನನ್ನು ಇಲ್ಲಿ ಕುಳಿತು ತೂಗಲು ನಮಗೆ ತಕ್ಕಡಿ ಕೊಟ್ಟವರಾರು?

ಭಾರತಕ್ಕೂ ಇದಕ್ಕೂ ಏನು ಸಂಬಂಧ ಎನ್ನುವವರಿಗೆ ಉತ್ತರ ಅಷ್ಟು ಹಿತವಾಗಿಲ್ಲ. ನಮ್ಮ ‘ನೀಲ’ ಫಾರಸಿ ಅರಬಿಯ ‘ನೀಲ್’ ಆಗಿ, ಪೋರ್ಚುಗೀಸರ ‘ಅನಿಲ್’ ಆಗಿ, ಕೊನೆಗೆ ರಸಾಯನಶಾಸ್ತ್ರದ ‘ಅನಿಲಿನ್’ ಆಯಿತು. ಹೆಸರು ಹೋದಂತೆ ಬಟ್ಟೆಯೂ ಹೋಯಿತು. ಅಟ್ಲಾಂಟಿಕ್ ಗುಲಾಮ ವ್ಯಾಪಾರದಲ್ಲಿ ಮನುಷ್ಯರಿಗೆ ಬದಲಾಗಿ ಕೊಟ್ಟ ಸರಕುಗಳಲ್ಲಿ ಭಾರತದ ಹತ್ತಿ ಬಟ್ಟೆ ಮುಖ್ಯವಾದದ್ದು. ಪಾಂಡಿಚೇರಿಯಲ್ಲಿ ನೀಲಿಯಲ್ಲಿ ಅದ್ದಿದ ‘ಗಿನೆ’ ಎಂಬ ಬಟ್ಟೆಯನ್ನು ಫ್ರೆಂಚರು ಸೆನೆಗಲ್ ನದಿಯ ದಂಡೆಗೆ ಒಯ್ದು ಅಂಟಿನ ವ್ಯಾಪಾರಕ್ಕೆ ನಾಣ್ಯದಂತೆ ಬಳಸಿದರು. ಅದ್ದಿದವರಿಗೆ ಇದು ಗೊತ್ತಿರಲಿಲ್ಲ ನಿಜ. 1897ರಲ್ಲಿ ಜರ್ಮನಿಯ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂದಾಗ ಬಿಹಾರದ ನೀಲಿ ಹೊಲಗಳಿಗೂ, ಮುಂದೆ ಅಬೆಯೊಕುಟಾದ ಎಲು ಉಂಡೆಗಳಿಗೂ ಬಿದ್ದ ಹೊಡೆತ ಒಂದೇ.

ಕರ್ನಾಟಕಕ್ಕೂ ಇದು ಮುಟ್ಟುತ್ತದೆ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೊರವಲಯದಲ್ಲಿ ತಾಂಜಾನಿಯಾದ ಒಬ್ಬ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಅಪಘಾತ ಮಾಡಿದವನು ಬೇರೆ ದೇಶದ ಬೇರೆಯೇ ವ್ಯಕ್ತಿ; ಇವಳ ತಪ್ಪು ಮೈಬಣ್ಣ. ಅವಳ ಅಂಗಿ ಹರಿಯಿತು. ಆಫ್ರಿಕಾದ ಬಟ್ಟೆಯನ್ನು ಗೋಡೆಗೆ ನೇತುಹಾಕಿಕೊಳ್ಳುವ ಅಭಿರುಚಿ, ಆಫ್ರಿಕಾದ ಹುಡುಗಿಯ ಮೈಮೇಲಿನ ಬಟ್ಟೆಯನ್ನು ಕೀಳುವ ಶೌರ್ಯ, ಎರಡೂ ಒಂದೇ ನಗರದಲ್ಲಿ ನೆಮ್ಮದಿಯಾಗಿ ಬಾಳುತ್ತವೆ. ಅಷ್ಟು ದೂರವೂ ಬೇಡ. ಉತ್ತರ ಕನ್ನಡದ ಕಾಡಂಚಿನ ಸಿದ್ದಿಗಳು ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು. ಅವರಲ್ಲಿ ಮುಸ್ಲಿಮರೂ ಹಿಂದೂಗಳೂ ಕ್ರೈಸ್ತರೂ ಇದ್ದಾರೆ. ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಯನ್ನು ಲೋಕಕ್ಕೆ ತೋರಿಸಿದ್ದು ಯೊರುಬಾ ಕಲೆಯನ್ನು ದಶಕಗಟ್ಟಲೆ ಅಭ್ಯಾಸ ಮಾಡಿದ ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್. ಕೌದಿಯ ನಾಲ್ಕು ಮೂಲೆಗೆ ಮಡಿಸಿದ ತುಂಡಿನ ‘ಫೂಲ’ ಇಡದಿದ್ದರೆ ಅದು ಬೆತ್ತಲೆ ಎಂದು ಆ ಹೆಂಗಸರು ಹೇಳುತ್ತಾರೆ. ಯಲ್ಲಾಪುರ, ಹಳಿಯಾಳ ನಮಗೆ ಬಸ್ಸಿನ ದೂರ; ಆತ ಸಮುದ್ರ ದಾಟಿ ಬರಬೇಕಾಯಿತು.

ಹಾಗಾದರೆ ಕೊಳ್ಳುವುದೇ ತಪ್ಪೇ, ಕೊಂಡರೆ ಅವರ ಹೊಟ್ಟೆ ತುಂಬುವುದಿಲ್ಲವೇ ಎಂದು ವ್ಯವಹಾರಸ್ಥರು ಕೇಳುತ್ತಾರೆ. ಉಕಾರ ಮತ್ತು ಹಳೆಯ ನ್ದೋಪ್ ಮಾರುಕಟ್ಟೆಗಾಗಿ ಹುಟ್ಟಿದವಲ್ಲ; ಅರಮನೆಯಿಂದ, ಸಂಘದ ಮನೆಯಿಂದ ಹೊರಬಿದ್ದ ಪರದೆ ಯಾವ ಬಡತನದಿಂದ, ಯಾವ ಕಳ್ಳತನದಿಂದ ಹೊರಬಿತ್ತು ಎಂದು ಕೇಳದೆ ಅದನ್ನು ಮುಟ್ಟಬಾರದು, ಕತ್ತರಿಯಂತೂ ಹಾಕಲೇಬಾರದು. ಅದಿರೆ ಹಾಗಲ್ಲ. ಅದು ಮೊದಲಿನಿಂದಲೂ ಮಾರಲೆಂದೇ ಮಾಡಿದ್ದು; ಉಡಬಹುದು, ಹಾಸಬಹುದು, ಹರಿದರೆ ಮಸಿಬಟ್ಟೆಯನ್ನೂ ಮಾಡಬಹುದು. ಕೊಳ್ಳುವುದಾದರೆ ಅದ್ದಿದವಳಿಗೆ ಹಣ ಸೇರಬೇಕು, ಅಷ್ಟೇ. ಆದರೆ ಅಬೆಯೊಕುಟಾದ ಇತೋಕು ಮಾರುಕಟ್ಟೆಯ ತುಂಬ ಈಗ ಚೀನಾದ ಯಂತ್ರಗಳಲ್ಲಿ ಅಚ್ಚಾದ ನಕಲಿ ಅದಿರೆಗಳ ಥಾನುಗಳಿವೆ. ಬೆಲೆ ಕಡಿಮೆ, ನಮೂನೆ ಅದೇ, ಒಂದು ಕಾಸೂ ಹೆಂಗಸರಿಗಿಲ್ಲ. ದುಬೈಯಲ್ಲೋ ಲಂಡನ್ನಿನಲ್ಲೋ ದುಡಿಯುವ ನಮ್ಮ ಹುಡುಗರು ಅಂಗಡಿಯಲ್ಲಿ ಇಂಥ ಬಟ್ಟೆ ಕಂಡರೆ ಮೊದಲು ಮಗುಚಿ ನೋಡಲಿ. ಗಂಜಿ ಬಳಿಯುವುದು ಒಂದೇ ಮಗ್ಗುಲಿಗೆ. ಮಡಕೆಯ ನೀಲಿ ಹಿಂಬದಿಯನ್ನು ತುಂಬಿಕೊಳ್ಳುತ್ತದೆ, ಚಿತ್ರ ಅಲ್ಲಿ ಮಸುಕು. ಯಂತ್ರದ ಅಚ್ಚಿನ ಹಿಂಬದಿ ಬಿಳಿಚಿಕೊಂಡಿರುತ್ತದೆ.